ತೂಕ ಬಂತು, ಡಿಸ್ಚಾರ್ಜ್ ಆಯ್ತು. ಆಮೇಲೆ?

ಡಿಸ್ಚಾರ್ಜ್ ದಿನ ವಾರ್ಡಿನಲ್ಲಿ ಎಲ್ಲರ ಮುಖವೂ ಅರಳಿರುತ್ತದೆ. ಮನೆಯವರು ಬ್ಯಾಗ್ ತುಂಬಿಕೊಳ್ಳುತ್ತಾರೆ. ನರ್ಸ್ ಮಾತ್ರೆಗಳ ಚೀಟಿ ಕೈಗಿಡುತ್ತಾರೆ. ಡಾಕ್ಟರು ಚಾರ್ಟ್ ನೋಡಿ ಸಮಾಧಾನದಿಂದ ತಲೆಯಾಡಿಸುತ್ತಾರೆ, ಯಾಕಂದ್ರೆ ತೂಕದ ಗೆರೆ ಮೇಲಕ್ಕೆ ಹತ್ತಿದೆ. ಕೆನ್ನೆ ತುಂಬಿದೆ, ಕೈ ಬೆಚ್ಚಗಿದೆ. ಖುಷಿ ಇಲ್ಲದ್ದು ಒಬ್ಬರಿಗೆ ಮಾತ್ರ. ತೂಕ ಯಾರದ್ದು ಹೆಚ್ಚಿದೆಯೋ ಅವರಿಗೆ.

ಅನೊರೆಕ್ಸಿಯಾ ನರ್ವೋಸಾ, ಅಂದರೆ ದಪ್ಪಗಾಗುವ ಭಯದಲ್ಲಿ ಊಟ ಬಿಟ್ಟು ಮೈ ಸೊರಗಿಸುವ ಕಾಯಿಲೆ, ಇರುವವರಿಗೆ ಆಸ್ಪತ್ರೆಯಿಂದ ಹೊರಬೀಳುವ ದಿನ ಬಹಳ ಸಲ ಎಲ್ಲಕ್ಕಿಂತ ಕಷ್ಟದ ದಿನ. ಮೈ ಬದಲಾಗಿದೆ, ಮನಸ್ಸು ಇನ್ನೂ ಹಳೆಯ ಜಾಗದಲ್ಲೇ ಇದೆ. ಇಲ್ಲಿಯವರೆಗೆ ದಿನಕ್ಕೆ ಐದಾರು ಸಲ ಪಕ್ಕದಲ್ಲಿ ಕೂತು ತಿನ್ನಿಸುತ್ತಿದ್ದವರು ನಾಳೆಯಿಂದ ಇರುವುದಿಲ್ಲ. ಕನ್ನಡಿ ಇರುತ್ತದೆ.

ಈ ದಿನವನ್ನು ಮೂರು ಸಲ, ಐದು ಸಲ, ಎಂಟು ಸಲ ನೋಡಿದವರ ಬಗ್ಗೆ ನಾನು ಬರೆಯಹೊರಟಿರುವುದು. ಹತ್ತು ಹದಿನೈದು ವರ್ಷ ಈ ಕಾಯಿಲೆಯ ಜೊತೆಗೇ ಬಾಳಿದವರು. ಅವರ ವಿಷಯ ಬಂದರೆ ಮಾತು ಸಾಮಾನ್ಯವಾಗಿ ಎರಡೇ ದಿಕ್ಕಿಗೆ ಹೋಗುತ್ತದೆ. "ಇನ್ನೊಂದ್ಸಲ ಅಡ್ಮಿಟ್ ಮಾಡಿ, ಹೇಗಾದ್ರೂ ತೂಕ ಏರಿಸಿ" ಅನ್ನುವುದು ಒಂದು. "ಇಷ್ಟು ವರ್ಷ ಆಯ್ತು, ಇನ್ನೇನೂ ಆಗಲ್ಲ ಬಿಡಿ" ಅನ್ನುವುದು ಇನ್ನೊಂದು. ಎರಡೂ ದಾರಿ ತಪ್ಪು ಅಂತ ನನಗನ್ನಿಸುತ್ತದೆ. ಆಸ್ಪತ್ರೆ ಬೇಕೇ ಬೇಕು. ಆದರೆ ಕೆಲವು ವಾರಗಳಲ್ಲಿ ಅದು ಮುಗಿಸಬಲ್ಲ ಕೆಲಸ ಒಂದು, ಎಷ್ಟು ತಿಂಗಳು ಇಟ್ಟುಕೊಂಡರೂ ಅದರಿಂದ ಆಗದ ಕೆಲಸ ಇನ್ನೊಂದು. ಇವೆರಡನ್ನು ಬೇರೆ ಮಾಡಿ ನೋಡದಿರುವುದೇ ಅರ್ಧ ಸಮಸ್ಯೆ.

ಹೆಸರಿನಲ್ಲೇ ಒಂದು ತಪ್ಪು

1873ರಲ್ಲಿ ಲಂಡನ್ನಿನ ವೈದ್ಯ ವಿಲಿಯಂ ಗಲ್ ಮತ್ತು ಪ್ಯಾರಿಸ್ಸಿನ ಶಾರ್ಲ್ ಲಾಸೆಗ್, ಇಬ್ಬರೂ ಬೇರೆ ಬೇರೆಯಾಗಿ ಈ ಕಾಯಿಲೆಯನ್ನು ವಿವರಿಸಿದರು. ಅನೊರೆಕ್ಸಿಯಾ ನರ್ವೋಸಾ ಎಂಬ ಹೆಸರು ಗಲ್ ಕೊಟ್ಟದ್ದು. ಅನೊರೆಕ್ಸಿಯಾ ಅಂದರೆ ಹಸಿವಿಲ್ಲದಿರುವುದು ಅಂತ ಅರ್ಥ. ನಿಜವಾಗಿ ಇವರಲ್ಲಿ ಬಹಳಷ್ಟು ಜನಕ್ಕೆ ಹಸಿವು ಇದ್ದೇ ಇರುತ್ತದೆ. ದಿನವಿಡೀ ಊಟದ್ದೇ ಯೋಚನೆ. ಮನೆಯವರಿಗೆಲ್ಲ ಅಡುಗೆ ಮಾಡಿ ಬಡಿಸುತ್ತಾರೆ, ತಾವು ಮುಟ್ಟುವುದಿಲ್ಲ. ಹಸಿವನ್ನು ಮೀರಿಸಿದ ಭಯ ಅದು. ತುತ್ತು ಬಾಯಿಯ ಹತ್ತಿರ ಬಂದಾಗ ಅವರಿಗಾಗುವುದನ್ನು ಎತ್ತರಕ್ಕೆ ಹೆದರುವವರು ಮಹಡಿಯ ಅಂಚಿನಲ್ಲಿ ನಿಂತಾಗ ಆಗುವುದಕ್ಕೆ ಹೋಲಿಸಬಹುದು. "ಸುಮ್ನೆ ತಿನ್ನಬಾರದಾ?" ಅಂತ ಕೇಳುವುದು, ಅವರಿಗೆ "ಸುಮ್ನೆ ಹಾರಬಾರದಾ?" ಅಂದ ಹಾಗೆ ಕೇಳಿಸುತ್ತದೆ.

ಹಟ, ಫ್ಯಾಷನ್, ಗಮನ ಸೆಳೆಯುವ ಆಸೆ ಅಂತೆಲ್ಲ ಇದಕ್ಕೆ ಹಣೆಪಟ್ಟಿ ಹಚ್ಚಿದ್ದು ಸಾಕಾಗಿದೆ. 2019ರಲ್ಲಿ ಹಲವು ದೇಶಗಳ ಸಂಶೋಧಕರು ಸೇರಿ ಸುಮಾರು 17,000 ರೋಗಿಗಳ ಜೀನ್‌ಗಳನ್ನು ಪರಿಶೀಲಿಸಿದರು. ಕಾಯಿಲೆಯೊಂದಿಗೆ ಬೆಸೆದುಕೊಂಡ ಎಂಟು ಜಾಗಗಳು ಅವುಗಳಲ್ಲಿ ಸಿಕ್ಕವು. ಅವರಲ್ಲಿ ಕಂಡ ಜೀನ್‌ಗಳ ನಂಟು ಗೀಳುರೋಗ, ಖಿನ್ನತೆ, ಆತಂಕದ ಜೊತೆ ಇದ್ದದ್ದು ಆಶ್ಚರ್ಯವೇನಲ್ಲ. ದೇಹ ಸಕ್ಕರೆ, ಕೊಬ್ಬನ್ನು ಬಳಸುವ ರೀತಿಯ ಜೊತೆಗೂ ನಂಟು ಕಂಡದ್ದು ಹೊಸದು. ಅಂದರೆ ಇದು ಬರೀ ಮನಸ್ಸಿನ ಕಾಯಿಲೆ ಅಂತ ಹೇಳಿ ಕೈತೊಳೆದುಕೊಳ್ಳುವ ಹಾಗಿಲ್ಲ. ಹುಡುಗಿಯರಿಗೆ ಜಾಸ್ತಿ ಬರುತ್ತದೆ, ಹೌದು. ಹುಡುಗರಿಗೂ ಬರುತ್ತದೆ, ನಲವತ್ತು ದಾಟಿದವರಿಗೂ ಬರುತ್ತದೆ. ಯಾರೂ ಅನುಮಾನಪಡದ ಕಾರಣ ಅವರಲ್ಲಿ ಪತ್ತೆಯಾಗುವುದು ತಡ.

ಉಪವಾಸ ಮನಸ್ಸನ್ನೂ ತಿನ್ನುತ್ತದೆ

ಎರಡನೇ ಮಹಾಯುದ್ಧದ ಕೊನೆಯ ವರ್ಷ ಅಮೆರಿಕದ ಮಿನ್ನೆಸೋಟ ವಿಶ್ವವಿದ್ಯಾಲಯದಲ್ಲಿ ಒಂದು ಪ್ರಯೋಗ ನಡೆಯಿತು. ನಡೆಸಿದವರು ಆನ್ಸೆಲ್ ಕೀಸ್. ಯುದ್ಧಕ್ಕೆ ಹೋಗಲು ಒಪ್ಪದ 36 ಗಟ್ಟಿಮುಟ್ಟಾದ ಯುವಕರು ತಾವಾಗಿಯೇ ಮುಂದೆ ಬಂದರು. 24 ವಾರ ಅವರಿಗೆ ಅರೆಹೊಟ್ಟೆ ಊಟ. ಯುದ್ಧದಲ್ಲಿ ಹಸಿದ ಜನರನ್ನು ಮತ್ತೆ ಹೇಗೆ ಚೇತರಿಸಿಕೊಳ್ಳುವಂತೆ ಮಾಡಬೇಕು ಅಂತ ತಿಳಿಯುವುದು ಉದ್ದೇಶವಾಗಿತ್ತು. ಅನೊರೆಕ್ಸಿಯಾ ಯಾರ ತಲೆಯಲ್ಲೂ ಇರಲಿಲ್ಲ.

ವಾರಗಳು ಕಳೆದ ಹಾಗೆ ಆ ಹುಡುಗರು ಬದಲಾದರು. ಅಡುಗೆ ಪುಸ್ತಕಗಳನ್ನು ಕೂಡಿಡತೊಡಗಿದರು. ತಟ್ಟೆಯಲ್ಲಿದ್ದ ಸ್ವಲ್ಪವನ್ನೇ ಚೂರು ಚೂರು ಮಾಡಿ, ಕಲಸಿ, ಗಂಟೆಗಟ್ಟಲೆ ಎಳೆದು ತಿನ್ನತೊಡಗಿದರು. ಗೆಳೆಯರು ಬೇಡವಾದರು, ನಗು ಹೋಯಿತು, ಸಣ್ಣದಕ್ಕೂ ಸಿಡಿಮಿಡಿ. ಸದಾ ಚಳಿ. ನಾಡಿ ನಿಧಾನವಾಯಿತು. ಇವರ್‍ಯಾರಿಗೂ ಮೊದಲು ಊಟದ ಬಗ್ಗೆ ಯಾವ ಗೀಳೂ ಇರಲಿಲ್ಲ ಅನ್ನುವುದನ್ನು ನೆನಪಿಡಿ. ಅಂದರೆ ಅನೊರೆಕ್ಸಿಯಾದ ಸ್ವಭಾವ ಅಂತ ನಾವು ಅಂದುಕೊಂಡದ್ದರಲ್ಲಿ ಎಷ್ಟೋ ಪಾಲು ಹಸಿದ ಮಿದುಳಿನ ಸ್ವಭಾವ. ಪ್ರಯೋಗ ಮುಗಿದು ಹೊಟ್ಟೆತುಂಬಾ ಊಟ ಸಿಕ್ಕ ಮೇಲೂ ಅವರು ಸರಿಹೋಗಲು ತಿಂಗಳುಗಳೇ ಹಿಡಿದವು.

ಚಿಕಿತ್ಸೆಯಲ್ಲಿ ಊಟವೇ ಮೊದಲ ಮದ್ದು ಅಂತ ಹೇಳುವುದಕ್ಕೆ ಇದು ಕಾರಣ. ಹಸಿದ ಮಿದುಳಿಗೆ ಕೌನ್ಸೆಲಿಂಗ್ ಕೊಟ್ಟರೆ ಬೋರ್ಗಲ್ಲ ಮೇಲೆ ಮಳೆ. ಹಾಗಾಗಿ ತೂಕದ ಹಿಂದೆ ಬೀಳುವ ಡಾಕ್ಟರನ್ನು ನಾನು ಬಯ್ಯುವುದಿಲ್ಲ.

ಆದರೆ ಮಿನ್ನೆಸೋಟದ ಹುಡುಗರಿಗೂ ನಮ್ಮ ರೋಗಿಗೂ ಒಂದು ದೊಡ್ಡ ವ್ಯತ್ಯಾಸ ಇದೆ. ಆ ಹುಡುಗರಿಗೆ ಊಟ ಸಿಕ್ಕಿದ್ದೇ ಸಾಕಿತ್ತು, ಎರಡೂ ಕೈಯಲ್ಲಿ ತಿಂದರು. ಅನೊರೆಕ್ಸಿಯಾ ಇರುವ ಬಹಳ ಜನಕ್ಕೆ ಉಪವಾಸವೇ ಒಂದು ನೆಮ್ಮದಿ. ಆತಂಕ ತಗ್ಗುತ್ತದೆ, ಒಳಗಿನ ಗದ್ದಲ ನಿಲ್ಲುತ್ತದೆ. ತಿಂದರೆ ಆ ಗದ್ದಲ ಮತ್ತೆ ಏಳುತ್ತದೆ. ವರ್ಷಗಟ್ಟಲೆ ಹೀಗೇ ನಡೆದರೆ ತಿನ್ನದಿರುವುದು ತೀರ್ಮಾನವಾಗಿ ಉಳಿಯುವುದಿಲ್ಲ, ಅಭ್ಯಾಸವಾಗುತ್ತದೆ. 2015ರಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯದವರು ರೋಗಿಗಳನ್ನು ಸ್ಕ್ಯಾನರ್ ಒಳಗೆ ಮಲಗಿಸಿ, ತಿನ್ನಲು ಏನು ಬೇಕು ಅಂತ ಆರಿಸಲು ಹೇಳಿದರು. ಆರಿಸುವ ಹೊತ್ತಿಗೆ ಅವರ ಮಿದುಳಿನಲ್ಲಿ ಅಭ್ಯಾಸಗಳಿಗೆ ಸಂಬಂಧಿಸಿದ ಭಾಗ ಉಳಿದವರಿಗಿಂತ ಹೆಚ್ಚು ಚುರುಕಾಗಿತ್ತು. ನಡೆದು ನಡೆದು ಬಿದ್ದ ಕಾಲುದಾರಿ ಅದು. ಹದಿನೈದು ವರ್ಷ ಸವೆದ ದಾರಿಯಲ್ಲಿ ಆಸ್ಪತ್ರೆಯ ಎಂಟು ವಾರಕ್ಕೆ ಹುಲ್ಲು ಬೆಳೆಯುತ್ತದಾ?

ದೀರ್ಘಕಾಲದ ಕಾಯಿಲೆ ಅನ್ನಲು ಎಷ್ಟು ವರ್ಷ ಆಗಿರಬೇಕು ಅನ್ನುವುದಕ್ಕೆ ಎಲ್ಲರೂ ಒಪ್ಪಿದ ಲೆಕ್ಕ ಇಲ್ಲ. ಹಲವು ಅಧ್ಯಯನಗಳು ಏಳು ವರ್ಷವನ್ನು ಗೆರೆಯಾಗಿ ಇಟ್ಟುಕೊಂಡಿವೆ, ಕೆಲವರು ಎಷ್ಟು ಸಲ ಚಿಕಿತ್ಸೆ ಕೈಕೊಟ್ಟಿದೆ ಅಂತ ಎಣಿಸುತ್ತಾರೆ.

ಒಳಗೆ ಸೋತಿರುವ, ಹೊರಗೆ ತೋರಿಸದ ಮೈ

ಹಳೆಯ ರೋಗಿಗಳ ವಿಷಯದಲ್ಲಿ ಡಾಕ್ಟರುಗಳೇ ಮೋಸಹೋಗುವ ಜಾಗ ಇದು. ದೇಹ ಬಡತನಕ್ಕೆ ಒಗ್ಗಿಕೊಂಡಿರುತ್ತದೆ. ನಾಡಿ ನಿಧಾನ, ಬಿಪಿ ಕಡಿಮೆ, ಮೈ ತಣ್ಣಗೆ, ಮುಟ್ಟು ನಿಂತಿದೆ, ಬೆನ್ನ ಮೇಲೆ ಸಣ್ಣ ಮೆತ್ತನೆಯ ಕೂದಲು. ಇಷ್ಟಾದರೂ ಆಫೀಸಿಗೆ ಹೋಗಿ ಬರುತ್ತಿರುತ್ತಾರೆ. ರಕ್ತ ಪರೀಕ್ಷೆಯ ವರದಿಯಲ್ಲಿ ಎಲ್ಲವೂ ಸರಿ ಇರಬಹುದು. "ರಿಪೋರ್ಟ್ ನಾರ್ಮಲ್ ಇದೆ, ಮನೆಗೆ ಹೋಗಿ" ಅನ್ನುವ ಮಾತು ಎಷ್ಟೋ ಸಲ ಜೀವಕ್ಕೇ ಮುಳುವಾಗಿದೆ.

ಬ್ರಿಟನ್ನಿನ ಮನೋವೈದ್ಯರ ರಾಯಲ್ ಕಾಲೇಜು 2022ರಲ್ಲಿ ಹೊರತಂದ ಮಾರ್ಗದರ್ಶಿ ಇದನ್ನೇ ಒತ್ತಿ ಹೇಳುತ್ತದೆ. ರಕ್ತದ ವರದಿ ಸರಿಯಿದೆ ಅಂದ ಮಾತ್ರಕ್ಕೆ ಅಪಾಯ ಇಲ್ಲ ಅಂತ ಅಲ್ಲ. ತೂಕವೊಂದನ್ನೇ ನೋಡಿ ತೀರ್ಮಾನಿಸುವ ಹಾಗೂ ಇಲ್ಲ. ಮೊದಲು ದಪ್ಪಗಿದ್ದು ಬೇಗ ಬೇಗ ಇಳಿದವರು ನೋಡಲು ಮಾಮೂಲಿಯಾಗೇ ಕಾಣಬಹುದು, ಹೃದಯ ಮಾತ್ರ ಸೋತಿರುತ್ತದೆ. ಆ ಮಾರ್ಗದರ್ಶಿಯಲ್ಲಿ ಒಂದು ಪರೀಕ್ಷೆ ಇದೆ, ಯಾವ ಯಂತ್ರವೂ ಬೇಡ. ಕುಕ್ಕರಗಾಲಲ್ಲಿ ಕೂತು, ಕೈ ಊರದೆ ಎದ್ದು ನಿಲ್ಲಬೇಕು. ಆಮೇಲೆ ಅಂಗಾತ ಮಲಗಿ, ಕೈಯ ಸಹಾಯ ಇಲ್ಲದೆ ಎದ್ದು ಕೂರಬೇಕು. ಅಷ್ಟೇ. ಎಷ್ಟೋ ಮೆಟ್ಟಿಲು ಹತ್ತಿ ಆಸ್ಪತ್ರೆಗೆ ಬಂದವರು ಇಲ್ಲಿ ಸಿಕ್ಕಿಬೀಳುತ್ತಾರೆ. ಏಳಲು ಹೋಗಿ ಮಂಡಿ ಹಿಡಿದುಕೊಳ್ಳುತ್ತಾರೆ, ಗೋಡೆ ಹುಡುಕುತ್ತಾರೆ. ಹೊಟ್ಟೆಗೆ ಬೇರೇನೂ ಸಿಗದಾಗ ದೇಹ ಸ್ನಾಯುವನ್ನೇ ತಿಂದಿರುತ್ತದೆ. ಹೃದಯವೂ ಒಂದು ಸ್ನಾಯುವೇ ಅಲ್ವಾ?

ಅಮೆರಿಕದ ಗಾಯಕಿ ಕ್ಯಾರನ್ ಕಾರ್ಪೆಂಟರ್ ಅವರ ಹೃದಯ 1983ರಲ್ಲಿ ನಿಂತಿತು, ಆಗ ಅವರಿಗೆ 32 ವರ್ಷ. ಅವರು ಚಿಕಿತ್ಸೆ ಪಡೆದು, ತೂಕ ಹೆಚ್ಚಿಸಿಕೊಂಡು ಮನೆಗೆ ಬಂದಿದ್ದರು. ಈ ಕಾಯಿಲೆಯ ಹೆಸರನ್ನು ಜಗತ್ತಿನ ಬಹುಪಾಲು ಜನ ಮೊದಲು ಕೇಳಿದ್ದು ಆ ಸಾವಿನ ಸುದ್ದಿಯಲ್ಲಿ.

ತಲೆಸುತ್ತಿ ಬೀಳುವುದು, ಎದೆ ಬಡಿತ ಏರುಪೇರಾಗುವುದು, ಮೆಟ್ಟಿಲು ಹತ್ತಲಾಗದಿರುವುದು, ನೀರೂ ಬೇಡವೆನ್ನುವುದು, ಸಾಯುವ ಮಾತು: ಇವು ಕಂಡರೆ ಮುಂದಿನ ಅಪಾಯಿಂಟ್‌ಮೆಂಟ್‌ವರೆಗೆ ಕಾಯಬಾರದು. ಅವತ್ತೇ ಎಮರ್ಜೆನ್ಸಿಗೆ ಹೋಗಬೇಕು.

ಮೊದಲ ಹತ್ತು ದಿನ

ಅಡ್ಮಿಟ್ ಆದ ಕೂಡಲೇ ಹೊಟ್ಟೆತುಂಬಾ ಉಣ್ಣಿಸಿಬಿಟ್ಟರೆ ಆಯ್ತು ಅಂತ ಅನ್ನಿಸಬಹುದು. ಅದು ಕೊಂದೇಬಿಡಬಹುದು. ಎರಡನೇ ಮಹಾಯುದ್ಧದಲ್ಲಿ ಬಿಡುಗಡೆಯಾದ ಹಸಿದ ಕೈದಿಗಳಲ್ಲಿ ಕೆಲವರು ಊಟ ಸಿಕ್ಕ ಮೇಲೆ ಸತ್ತರು. ಇದಕ್ಕೆ ರೀಫೀಡಿಂಗ್ ಸಿಂಡ್ರೋಮ್ ಅನ್ನುತ್ತಾರೆ. ಬಹಳ ದಿನ ಸಕ್ಕರೆ ಕಾಣದ ದೇಹಕ್ಕೆ ಒಮ್ಮೆಲೇ ಆಹಾರ ಬಂದಾಗ ಇನ್ಸುಲಿನ್ ಏರುತ್ತದೆ. ಅದು ಸಕ್ಕರೆಯ ಜೊತೆಗೆ ರಕ್ತದಲ್ಲಿನ ಫಾಸ್ಫೇಟ್, ಪೊಟ್ಯಾಸಿಯಂ, ಮೆಗ್ನೀಸಿಯಂಗಳನ್ನೂ ಜೀವಕೋಶಗಳ ಒಳಗೆ ಎಳೆದುಕೊಳ್ಳುತ್ತದೆ. ದಾಸ್ತಾನು ಮೊದಲೇ ಬರಿದಾಗಿತ್ತು, ಈಗ ರಕ್ತದಲ್ಲಿ ಇದ್ದದ್ದೂ ಖಾಲಿ. ಹೃದಯದ ಲಯ ತಪ್ಪುತ್ತದೆ, ಉಸಿರಾಟದ ಸ್ನಾಯು ಸೋಲುತ್ತದೆ, ಥಯಮಿನ್ (ವಿಟಮಿನ್ ಬಿ1) ಕೊರತೆಯಿಂದ ಮಿದುಳಿಗೂ ಪೆಟ್ಟು. ಅದಕ್ಕೇ ಮೊದಲ ದಿನಗಳಲ್ಲಿ ದಿನಾ ರಕ್ತ ತೆಗೆಯುತ್ತಾರೆ, ಇಸಿಜಿ ಮಾಡುತ್ತಾರೆ, ಥಯಮಿನ್ ಕೊಡುತ್ತಾರೆ. "ಊಟಕ್ಕೆ ಮುಂಚೆ ಯಾಕಿಷ್ಟು ಸೂಜಿ?" ಅಂತ ಮನೆಯವರು ಗೊಣಗಿದರೆ ತಪ್ಪಿಲ್ಲ, ಆದರೆ ಆ ಸೂಜಿಯೇ ಕಾವಲು.

ಈ ಭಯದಿಂದ ಎಷ್ಟೋ ವರ್ಷ ವಾರ್ಡುಗಳಲ್ಲಿ ಬಹಳ ಕಡಿಮೆಯಿಂದ ಶುರುಮಾಡಿ ಆಮೆಗತಿಯಲ್ಲಿ ಏರಿಸುತ್ತಿದ್ದರು. ಅದರಿಂದ ಇನ್ನೊಂದು ಅನಾಹುತ: ಆಸ್ಪತ್ರೆಯೊಳಗೇ ರೋಗಿ ಮತ್ತಷ್ಟು ಇಳಿಯುತ್ತಿದ್ದರು. 2021ರಲ್ಲಿ ಪ್ರಕಟವಾದ ಅಮೆರಿಕದ ಒಂದು ಪ್ರಯೋಗದಲ್ಲಿ 120 ಎಳೆಯ ರೋಗಿಗಳನ್ನು ಎರಡು ಗುಂಪು ಮಾಡಿ, ಒಂದಕ್ಕೆ ಹಳೆಯ ಕ್ರಮ, ಇನ್ನೊಂದಕ್ಕೆ ಹೆಚ್ಚು ಆಹಾರ ಕೊಟ್ಟು ನೋಡಿದರು. ಹೆಚ್ಚು ತಿಂದವರು ಸುಮಾರು ಮೂರು ದಿನ ಮೊದಲೇ ಸ್ಥಿರವಾದರು. ತೊಂದರೆಗಳೇನೂ ಹೆಚ್ಚಲಿಲ್ಲ. ಆದರೆ ಅವರು ಹದಿಹರೆಯದವರು ಮತ್ತು ಇಪ್ಪತ್ತರ ಆಸುಪಾಸಿನವರು. ಹದಿನೈದು ವರ್ಷ ಸವೆದ ದೇಹಕ್ಕೆ ಅದೇ ಲೆಕ್ಕ ಹಾಕುವಾಗ ಇನ್ನೂ ಹುಷಾರಾಗಿರಬೇಕು.

ಈ ಹತ್ತು ದಿನದ ಕೆಲಸವನ್ನು ಆಸ್ಪತ್ರೆಯಷ್ಟು ಚೆನ್ನಾಗಿ ಬೇರೆ ಯಾರೂ ಮಾಡಲಾರರು. ನನ್ನ ತಕರಾರು ಶುರುವಾಗುವುದು ಹನ್ನೊಂದನೇ ದಿನದಿಂದ.

ಊಟದ ಅರ್ಧ ಗಂಟೆ

ಇಂಥ ವಾರ್ಡುಗಳಲ್ಲಿ ಊಟಕ್ಕೆ ಸಮಯ ಗೊತ್ತುಮಾಡಿರುತ್ತಾರೆ, ಸಾಮಾನ್ಯವಾಗಿ ಅರ್ಧ ಗಂಟೆ. ಟೇಬಲ್ ಸುತ್ತ ನಾಲ್ಕೈದು ರೋಗಿಗಳು, ಜೊತೆಗೆ ಒಬ್ಬ ನರ್ಸ್. ನರ್ಸ್ ಹವಾಮಾನದ ಮಾತಾಡುತ್ತಾರೆ, ಕ್ರಿಕೆಟ್ ಮಾತಾಡುತ್ತಾರೆ, ಊಟದ ಮಾತು ಮಾತ್ರ ಎತ್ತುವುದಿಲ್ಲ. ಒಬ್ಬರು ಚಮಚದಲ್ಲಿ ತಟ್ಟೆಯ ಅಂಚನ್ನು ಹತ್ತು ಸಲ ಸವರುತ್ತಾರೆ. ಇನ್ನೊಬ್ಬರ ಕಣ್ಣು ಪಕ್ಕದವರ ತಟ್ಟೆಯ ಮೇಲೆ: ಅವರದ್ದು ನನ್ನದಕ್ಕಿಂತ ಕಡಿಮೆ ಇದೆಯಾ? ಮೊದಲು ಮುಗಿಸಲು ಯಾರಿಗೂ ಇಷ್ಟವಿಲ್ಲ, ಮೊದಲು ಮುಗಿಸಿದರೆ ಆಸೆಬುರುಕಿ ಅಂದುಕೊಂಡಾರು ಅನ್ನುವ ಅಳುಕು. ಇಪ್ಪತ್ತೆಂಟನೇ ನಿಮಿಷಕ್ಕೆ ಒಬ್ಬರ ಕಣ್ಣಿಂದ ನೀರು ಇಳಿಯುತ್ತಿರುತ್ತದೆ, ಬಾಯಿ ಮಾತ್ರ ಅಗಿಯುತ್ತಿರುತ್ತದೆ. ಊಟ ಆದ ಮೇಲೂ ಮುಕ್ಕಾಲು ಗಂಟೆ ಅಲ್ಲೇ ಕೂರಬೇಕು, ಒಬ್ಬರೇ ಎದ್ದು ಹೋಗುವ ಹಾಗಿಲ್ಲ. ಹೊಟ್ಟೆ ಉಬ್ಬಿ ಕಲ್ಲಾಗಿರುತ್ತದೆ. ಇದು ಬರೀ ಅನಿಸಿಕೆಯಲ್ಲ, ಬಹುಕಾಲ ಹಸಿದ ಜಠರ ನಿಜಕ್ಕೂ ನಿಧಾನವಾಗಿ ಖಾಲಿಯಾಗುತ್ತದೆ.

ಹೀಗೆ ದಿನಕ್ಕೆ ಐದಾರು ಸಲ. ನರ್ಸುಗಳಿಗೂ ಇದು ಸುಲಭದ ಕೆಲಸವಲ್ಲ. ಕೈ ಹಿಡಿದು ಸಮಾಧಾನ ಮಾಡುವವರೂ ಅವರೇ, "ಇನ್ನೂ ಎರಡು ಚಮಚ ಇದೆ" ಅಂತ ಪಟ್ಟು ಹಿಡಿಯುವವರೂ ಅವರೇ.

ಮೊದಲ ಸಲ ಬಂದ ಹದಿನಾರು ವರ್ಷದ ಹುಡುಗಿಗೆ ಈ ಕಟ್ಟುಪಾಡು ಒಂದು ಆಸರೆ. "ನಾನಾಗಿ ತಿಂದಿಲ್ಲ, ಅವರು ತಿನ್ನಿಸಿದರು" ಅನ್ನುವ ಸಬೂಬು ಅವಳೊಳಗಿನ ಭಯವನ್ನು ಸ್ವಲ್ಪ ಸುಮ್ಮನಾಗಿಸುತ್ತದೆ. ಆರನೇ ಸಲ ಬಂದ ಮೂವತ್ತೆಂಟರ ಹೆಂಗಸಿಗೆ? ಅವರಿಗೆ ನಿಯಮಗಳೆಲ್ಲ ಬಾಯಿಪಾಠ. ಯಾವ ತೂಕಕ್ಕೆ ಬಿಡುತ್ತಾರೆ ಅಂತ ಗೊತ್ತು, ಅಲ್ಲಿಗೆ ಮುಟ್ಟಿಸಿ ಹೋಗಿ, ಮತ್ತೆ ಇಳಿಸಿಕೊಳ್ಳುವುದೂ ಗೊತ್ತು. ಕೆಲಸ, ಸಾಲದ ಕಂತು, ಮಕ್ಕಳು ಎಲ್ಲ ಇರುವ ಒಬ್ಬರು ಬಚ್ಚಲಿಗೆ ಹೋಗಲೂ ಅನುಮತಿ ಕೇಳಬೇಕು. ನಿಯಮ ತಪ್ಪು ಅನ್ನುತ್ತಿಲ್ಲ. ಎಳೆಯರಿಗೆ ಹೊಲಿದ ಅಂಗಿ ಅವರಿಗೆ ಹಿಡಿಸುವುದಿಲ್ಲ, ಅಷ್ಟೇ.

ಒತ್ತಾಯ ಮಾಡಬಹುದೇ?

ಬೇಡ ಅಂದವರಿಗೆ ಮೂಗಿನ ನಳಿಕೆಯಲ್ಲಿ ಆಹಾರ ಇಳಿಸುವುದು ಈ ಕಾಯಿಲೆಯ ಅತಿ ನೋವಿನ ಪ್ರಶ್ನೆ. ಇಂಗ್ಲೆಂಡಿನ ಕೋರ್ಟುಗಳು ಒಂದೇ ವರ್ಷದಲ್ಲಿ, 2012ರಲ್ಲಿ, ಎರಡು ಬಗೆಯ ತೀರ್ಪು ಕೊಟ್ಟವು. ಒಂದು ಪ್ರಕರಣದಲ್ಲಿ 32 ವರ್ಷದ ಮಹಿಳೆಗೆ ಅವರ ಇಚ್ಛೆಗೆ ವಿರುದ್ಧವಾಗಿ ಆಹಾರ ಕೊಡಬಹುದು ಅಂತ ನ್ಯಾಯಾಧೀಶರು ಹೇಳಿದರು. ಇನ್ನೊಂದರಲ್ಲಿ, ಒತ್ತಾಯ ಮಾಡಿದರೆ ಆ ದೇಹ ತಡೆಯುವುದೇ ಇಲ್ಲ, ಹಾಗಾಗಿ ಮಾಡುವುದು ಬೇಡ ಅಂತ ಆಯಿತು. ಎರಡನ್ನೂ ಓದಿದರೆ ಎರಡೂ ಸರಿ ಅನ್ನಿಸುತ್ತದೆ, ಅದೇ ಇಲ್ಲಿನ ತೊಡಕು.

ರೋಗಿ ತೀರ ಕುಸಿದಾಗ ಅವರ "ಬೇಡ" ಅನ್ನುವ ಮಾತು ಎಷ್ಟು ಅವರದ್ದು, ಎಷ್ಟು ಹಸಿದ ಮಿದುಳಿನದ್ದು? 2007ರ ಅಮೆರಿಕದ ಒಂದು ಅಧ್ಯಯನದಲ್ಲಿ, ಅಡ್ಮಿಟ್ ಆಗುವ ಅಗತ್ಯವೇ ಇರಲಿಲ್ಲ ಅಂದ ರೋಗಿಗಳಲ್ಲಿ ಅರ್ಧಕ್ಕೆ ಹತ್ತಿರ ಜನ ಎರಡೇ ವಾರದಲ್ಲಿ ಮನಸ್ಸು ಬದಲಿಸಿ, ಬೇಕಿತ್ತು ಅಂದರು. ಜೀವ ಹೋಗುವ ಹೊತ್ತಿನಲ್ಲಿ ಒತ್ತಾಯವಾದರೂ ಸರಿ, ಉಳಿಸಬೇಕು ಅನ್ನುವ ಕಡೆಗೇ ನಾನು ವಾಲುತ್ತೇನೆ. ಆದರೆ ಅದೇ ಒತ್ತಾಯ ಪ್ರತಿ ವರ್ಷದ ಕಾರ್ಯಕ್ರಮವಾದರೆ, ಆಸ್ಪತ್ರೆ ಅಂದರೆ ಓಡುವ ಮನುಷ್ಯರು ತಯಾರಾಗುತ್ತಾರೆ. ಮುಂದಿನ ಸಲ ಎದೆ ನೋವು ಬಂದಾಗ ಅವರು ಯಾರಿಗೂ ಹೇಳುವುದಿಲ್ಲ.

ಔಷಧಿಯಿಂದಲೂ ಇಲ್ಲಿ ಹೆಚ್ಚಿನ ನೆರವಿಲ್ಲ. ತೂಕ ಬಂದ ಮೇಲೆ ಖಿನ್ನತೆಗೆ ಕೊಡುವ ಫ್ಲುಆಕ್ಸೆಟಿನ್ ಮಾತ್ರೆ ಕೊಟ್ಟರೆ ಮರುಕಳಿಸುವುದು ತಪ್ಪೀತೇ ಅಂತ 93 ಜನರ ಮೇಲೆ ನೋಡಿದ 2006ರ ಪ್ರಯೋಗದಲ್ಲಿ ಏನೂ ಲಾಭ ಕಾಣಲಿಲ್ಲ. 2019ರಲ್ಲಿ ಓಲಾನ್ಜಪಿನ್ ಅನ್ನುವ ಇನ್ನೊಂದು ಮನೋರೋಗದ ಔಷಧಿಯ ಪ್ರಯೋಗದಲ್ಲಿ ತೂಕ ತುಸು ಏರಿತು, ತಲೆಯೊಳಗಿನ ಯೋಚನೆಗಳು ಕದಲಲಿಲ್ಲ.

ಬಾಗಿಲಾಚೆ

ಆಸ್ಪತ್ರೆಯಲ್ಲಿ ತೂಕ ಮರಳಿ ಪಡೆದವರಲ್ಲಿ ಸರಿಸುಮಾರು ಮೂರರಲ್ಲಿ ಒಬ್ಬರಿಗಾದರೂ ಕಾಯಿಲೆ ಮರುಕಳಿಸುತ್ತದೆ, ಅದೂ ಬಹುಪಾಲು ಮೊದಲ ವರ್ಷದಲ್ಲೇ. ಯಾಕೆ ಅಂತ ಈಗಾಗಲೇ ಹೇಳಿದೆ: ಮೈ ಮುಂದೆ ಹೋಗಿದೆ, ಮನಸ್ಸು ಹಿಂದೆ ಇದೆ, ಆಸರೆಗಳೆಲ್ಲ ಒಂದೇ ದಿನ ತೆಗೆದಿದ್ದಾರೆ. ಇದಕ್ಕೆ ವ್ಯವಸ್ಥೆಯ ಓಟೆಗಳೂ ಸೇರುತ್ತವೆ. ವಾರ್ಡಿನ ತಂಡ ಬೇರೆ, ಹೊರರೋಗಿ ತಂಡ ಬೇರೆ, ಊರಿನ ಡಾಕ್ಟರ್ ಬೇರೆ. ಹಾಸಿಗೆಗೆ ಕ್ಯೂ ಇದೆ, ಇನ್ಶೂರೆನ್ಸ್ ಮುಗಿಯುತ್ತಿದೆ. ಪತ್ರ ಬರುವುದು ತಡ, ಮೊದಲ ಭೇಟಿ ಇನ್ನೂ ತಡ. ಇಂಗ್ಲೆಂಡಿನಲ್ಲಿ 2012ರಲ್ಲಿ 19 ವರ್ಷದ ಒಬ್ಬ ವಿದ್ಯಾರ್ಥಿನಿ ಆಸ್ಪತ್ರೆಯಿಂದ ಬಿಡುಗಡೆಯಾಗಿ ವಿಶ್ವವಿದ್ಯಾಲಯಕ್ಕೆ ಸೇರಿದ ಕೆಲವೇ ತಿಂಗಳಲ್ಲಿ ತೀರಿಕೊಂಡರು. ಅವರ ಆರೈಕೆಗೆ ಸಂಬಂಧಿಸಿದ ಸರ್ಕಾರಿ ಆರೋಗ್ಯ ಸಂಸ್ಥೆಗಳೆಲ್ಲ ಒಂದಲ್ಲ ಒಂದು ರೀತಿ ಎಡವಿದ್ದವು ಅಂತ ಅಲ್ಲಿನ ಒಂಬುಡ್ಸ್‌ಮನ್ (ಜನರ ದೂರು ವಿಚಾರಿಸುವ ಅಧಿಕಾರಿ) 2017ರಲ್ಲಿ ವರದಿ ಕೊಟ್ಟರು. ಆ ವರದಿಯ ತುಂಬ ಕಾಣುವುದು ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ದಾಟಿಸುವಾಗ ಬಿದ್ದುಹೋದ ಸಂಗತಿಗಳು.

ಹಾಗಾದರೆ ಆಸ್ಪತ್ರೆಯಲ್ಲೇ ಜಾಸ್ತಿ ದಿನ ಇಟ್ಟುಕೊಂಡರೆ? ಅದಕ್ಕೂ ಪುರಾವೆ ಬಲವಾಗಿಲ್ಲ. ಜರ್ಮನಿಯಲ್ಲಿ 172 ಹದಿಹರೆಯದವರ ಮೇಲೆ ನಡೆದ, 2014ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಮೂರು ವಾರ ಆಸ್ಪತ್ರೆ, ಆಮೇಲೆ ಹಗಲು ಬಂದು ರಾತ್ರಿ ಮನೆಗೆ ಹೋಗುವ ಡೇ ಕೇರ್ ಕೊಟ್ಟರು. ಪೂರ್ತಿ ಒಳಗೇ ಇದ್ದವರಿಗಿಂತ ಅವರೇನೂ ಹಿಂದೆ ಬೀಳಲಿಲ್ಲ. ರಾತ್ರಿಯ ಊಟ ಮನೆಯಲ್ಲೇ ಮಾಡಬೇಕಾದಾಗ ಭಯವನ್ನು ಅದು ಹುಟ್ಟುವ ಜಾಗದಲ್ಲೇ ಎದುರಿಸುತ್ತಾರೆ. ವಾರ್ಡಿನ ಟೇಬಲ್ಲಿನಲ್ಲಿ ಕಲಿತ ಊಟ ಎಷ್ಟೋ ಸಲ ವಾರ್ಡಿನಲ್ಲೇ ಉಳಿದುಬಿಡುತ್ತದೆ. ಹಳೆಯ ರೋಗಿಗಳ ಮೇಲೆ ಇಷ್ಟು ಗಟ್ಟಿ ಪ್ರಯೋಗಗಳು ನಡೆದಿಲ್ಲ. ಆದರೂ ಒಮ್ಮೆಲೇ ಮಹಡಿಯಿಂದ ಇಳಿಸುವುದಕ್ಕಿಂತ ಮೆಟ್ಟಿಲು ಕಟ್ಟಿಕೊಡುವುದು ಮೇಲು ಅಂತ ಹೇಳಲು ಪ್ರಯೋಗ ಬೇಕಾ?

ಮನೆಯವರು ಡಿಸ್ಚಾರ್ಜ್‌ಗೆ ಮುಂಚೆ ಪಟ್ಟುಹಿಡಿದು ಕೇಳಬೇಕಾದದ್ದು ಇದನ್ನೇ. ಮುಂದಿನ ಭೇಟಿ ಯಾವ ದಿನ, ಯಾರ ಹತ್ತಿರ? ಒಂದು ವಾರಕ್ಕಿಂತ ಆಚೆ ಇದ್ದರೆ ತಡ. ತೂಕ, ನಾಡಿ, ರಕ್ತ ನೋಡುವವರು ಯಾರು? ಮನೆಯವರೇ ದಿನಾ ತೂಕ ಹಾಕುವ ಪೊಲೀಸರಾಗುವುದು ಬೇಡ, ಸಂಬಂಧ ಕೆಡುತ್ತದೆ. ಏನು ಕಂಡರೆ ವಾಪಸ್ ಕರೆತರಬೇಕು, ನಡುರಾತ್ರಿ ಫೋನ್ ಮಾಡಬೇಕಾದರೆ ಯಾವ ನಂಬರ್? ಇಷ್ಟು ಬರೆದುಕೊಡದೆ ಕಳಿಸಿದರೆ ಅದು ಡಿಸ್ಚಾರ್ಜ್ ಅಲ್ಲ, ಕೈಬಿಟ್ಟದ್ದು. ಆತ್ಮಹತ್ಯೆಯ ಯೋಚನೆಯ ಬಗ್ಗೆಯೂ ನೇರವಾಗಿ ಕೇಳಿ. 36 ಅಧ್ಯಯನಗಳನ್ನು ಒಟ್ಟುಮಾಡಿದ 2011ರ ವಿಶ್ಲೇಷಣೆಯ ಪ್ರಕಾರ ಅನೊರೆಕ್ಸಿಯಾ ಇರುವ ಪ್ರತಿ ಸಾವಿರ ಜನರಲ್ಲಿ ವರ್ಷಕ್ಕೆ ಸುಮಾರು ಐದು ಜನ ಸಾಯುತ್ತಾರೆ. ಆ ಸಾವುಗಳಲ್ಲಿ ಐದರಲ್ಲಿ ಒಂದು ಆತ್ಮಹತ್ಯೆ. ಹೃದಯದ ಮೇಲಷ್ಟೇ ಕಣ್ಣಿಟ್ಟರೆ ಸಾಲದು.

ವರ್ಷಗಳ ಲೆಕ್ಕ

"ಇಷ್ಟು ವರ್ಷ ಆಯ್ತು, ಇನ್ನೇನೂ ಆಗಲ್ಲ" ಅನ್ನುವ ಇನ್ನೊಂದು ಮಾತಿಗೆ ಬರೋಣ. ಅಮೆರಿಕದ ಬಾಸ್ಟನ್ನಿನಲ್ಲಿ ಸಂಶೋಧಕರು ಒಂದೇ ಗುಂಪಿನ ಮಹಿಳೆಯರನ್ನು ಇಪ್ಪತ್ತೆರಡು ವರ್ಷ ಗಮನಿಸಿದರು. ಒಂಬತ್ತು ವರ್ಷದ ಹೊತ್ತಿಗೆ ಅನೊರೆಕ್ಸಿಯಾ ಇದ್ದವರಲ್ಲಿ ನೂರಕ್ಕೆ 31 ಜನ ಮಾತ್ರ ಗುಣವಾಗಿದ್ದರು. ಅಲ್ಲಿಗೆ ಪುಸ್ತಕ ಮುಚ್ಚಿದ್ದರೆ ಇದೊಂದು ನಿರಾಸೆಯ ಅಂಕಿ. ಇಪ್ಪತ್ತೆರಡನೇ ವರ್ಷಕ್ಕೆ ಆ ಸಂಖ್ಯೆ ನೂರಕ್ಕೆ 63ರ ಹತ್ತಿರ ಬಂದಿತ್ತು. ಒಂಬತ್ತು ವರ್ಷಕ್ಕೆ ಗುಣವಾಗದಿದ್ದವರಲ್ಲಿ ಸುಮಾರು ಅರ್ಧ ಜನ ಆಮೇಲೆ ಗುಣವಾದರು. 2017ರಲ್ಲಿ ಪ್ರಕಟವಾದ ಈ ಫಲಿತಾಂಶವನ್ನು ಪ್ರತಿ ವಾರ್ಡಿನ ಗೋಡೆಗೂ ಅಂಟಿಸಬೇಕು ಅಂತ ನನಗೆ ಆಸೆ.

ಹೀಗಿರುವಾಗ 2022ರಲ್ಲಿ ಅಮೆರಿಕದ ಕೆಲವರು ಒಂದು ಪ್ರಬಂಧ ಬರೆದು, ಕೆಲವು ರೋಗಿಗಳಿಗೆ 'ಟರ್ಮಿನಲ್ ಅನೊರೆಕ್ಸಿಯಾ' ಅನ್ನುವ ಹೆಸರು ಕೊಡಬೇಕು, ಅವರಿಗೆ ಕೊನೆಗಾಲದ ಆರೈಕೆ ಸಿಗಬೇಕು ಅಂದರು. ದೊಡ್ಡ ಗಲಾಟೆಯಾಯಿತು. ನೋವಿನಲ್ಲಿರುವವರಿಗೆ ನೆಮ್ಮದಿ ಕೊಡಬೇಕು ಅನ್ನುವ ಕಳಕಳಿ ಅದರಲ್ಲಿದೆ, ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ಯಾರು ಯಾವಾಗ ಚೇತರಿಸಿಕೊಳ್ಳುತ್ತಾರೆ ಅಂತ ಮುಂಚೆಯೇ ಹೇಳಲು ನಮ್ಮ ಹತ್ತಿರ ಯಾವ ಅಳತೆಗೋಲೂ ಇಲ್ಲ. ಕ್ಯಾನ್ಸರಿನ ನಾಲ್ಕನೇ ಹಂತದ ಹಾಗೆ ಇಲ್ಲಿ ಸ್ಕ್ಯಾನ್ ತೋರಿಸುವುದಿಲ್ಲ. "ನಾನು ಯಾರಿಗೂ ಬೇಡ" ಅಂತ ಮೊದಲೇ ನಂಬಿದವರ ಕಿವಿಗೆ ಆ ಹೆಸರು ಹೇಗೆ ಕೇಳಿಸೀತು?

ಈ ಎರಡು ತುದಿಗಳ ನಡುವೆ ಒಂದು ದಾರಿ ಇದೆ ಅಂತ ತೋರಿಸಿದ್ದು 2013ರ ಒಂದು ಪ್ರಯೋಗ. ಆಸ್ಟ್ರೇಲಿಯಾ ಮತ್ತು ಬ್ರಿಟನ್ನಿನಲ್ಲಿ ಕನಿಷ್ಠ ಏಳು ವರ್ಷ ಕಾಯಿಲೆ ಇದ್ದ 63 ಜನರನ್ನು ಸೇರಿಸಿಕೊಂಡರು. ತೂಕ ಏರಿಸುವುದು ಇಲ್ಲಿ ಮೊದಲ ಗುರಿಯಾಗಿರಲಿಲ್ಲ. ಬದುಕು ಸ್ವಲ್ಪ ಹಗುರಾಗಬೇಕು, ಮನಸ್ಸು ತಿಳಿಯಾಗಬೇಕು, ಜನರ ಜೊತೆ ಬೆರೆಯುವ ಹಾಗಾಗಬೇಕು, ಇಷ್ಟೇ. ಎರಡು ಬಗೆಯ ಮಾತಿನ ಚಿಕಿತ್ಸೆ ಕೊಟ್ಟರು. ಎರಡೂ ಗುಂಪುಗಳಲ್ಲಿ ಬದುಕಿನ ಗುಣಮಟ್ಟ ಏರಿತು, ಖಿನ್ನತೆ ಇಳಿಯಿತು. ನನಗೆ ಹೆಚ್ಚು ಅಚ್ಚರಿ ತಂದದ್ದು ಬೇರೆ: ಚಿಕಿತ್ಸೆ ನಡುವೆ ಬಿಟ್ಟುಹೋದವರು ನೂರಕ್ಕೆ ಸುಮಾರು 15 ಜನ ಮಾತ್ರ. ಅರ್ಧದಲ್ಲಿ ಬಿಟ್ಟುಹೋಗುವುದಕ್ಕೇ ಹೆಸರಾದ ಕಾಯಿಲೆ ಇದು. ತೂಕದ ಜಗಳ ಪಕ್ಕಕ್ಕಿಟ್ಟ ಕೂಡಲೇ ಅವರು ಬಾಗಿಲಲ್ಲಿ ನಿಲ್ಲದೆ ಒಳಗೆ ಬಂದು ಕೂತರು.

ತೂಕವನ್ನು ಮರೆತೇಬಿಡಿ ಅಂತ ಇದರ ಅರ್ಥ ಅಲ್ಲ. ದೇಹಕ್ಕೆ ಒಂದು ನೆಲಗಟ್ಟು ಇರಬೇಕು, ಅದಕ್ಕಿಂತ ಕೆಳಗೆ ಜಾರಿದರೆ ಆಸ್ಪತ್ರೆ. ಮೂಳೆಯ ಪರೀಕ್ಷೆ, ಇಸಿಜಿ, ರಕ್ತ ತಪ್ಪಬಾರದು. ಕುಸಿದುಬಿದ್ದ ಮೇಲೆ ಆಂಬುಲೆನ್ಸಿನಲ್ಲಿ ತರುವ ಬದಲು, ಮೊದಲೇ ಮಾತಾಡಿಕೊಂಡು, ಹತ್ತು ಹದಿನೈದು ದಿನಕ್ಕೆ, ಇಂಥದ್ದೇ ಕೆಲಸಕ್ಕೆ ಅಂತ ಸೇರಿಸಿಕೊಳ್ಳುವ ಪದ್ಧತಿಯನ್ನು ಕೆಲವು ತಂಡಗಳು ಬಳಸುತ್ತಿವೆ. ರೋಗಿ ಸ್ವಲ್ಪ ಗಟ್ಟಿಯಾಗಿರುವ ಹೊತ್ತಿನಲ್ಲಿ ಅವರೇ ಒಂದು ಹಾಳೆಯ ಮೇಲೆ ಬರೆದಿಡುತ್ತಾರೆ: ನಾನು ಈ ಸ್ಥಿತಿಗೆ ಬಂದರೆ ನನ್ನನ್ನು ಕರೆತನ್ನಿ, ನಾನು ಬೇಡ ಅಂದರೂ ಕರೆತನ್ನಿ. ನಳಿಕೆ ಹಾಕುವ ಮುಂಚೆ ಮೂರು ಹೊತ್ತು ಚಮಚದಲ್ಲಿ ಪ್ರಯತ್ನಿಸಿ. ತೂಕ ನೋಡುವಾಗ ನನಗೆ ಅಂಕಿ ಹೇಳಬೇಡಿ. ಅಕ್ಕನಿಗೆ ಫೋನ್ ಮಾಡಿ, ಅಮ್ಮನಿಗೆ ಆಮೇಲೆ ಹೇಳಿ. ಊಟ ಆದ ಮೇಲೆ ಯಾರಾದರೂ ಜೊತೆಗೆ ಕೂತಿರಿ, ಮಾತಾಡದಿದ್ದರೂ ಪರವಾಗಿಲ್ಲ.